ಕುಣಿಗಲ್‌ನಿಂದ ಬಂದದ್ದೆಲ್ಲ ಬಿಸಾಕು

ಈ ಕೆಲಸಕ್ಕೆ ಹೊಸದಾಗಿ ಸೇರೋ ಹುಡುಗ ಹುಡುಗಿಯರು ಆಗಾಗ ಕ್ಯಾತ್ಸಂದ್ರದ ನಮ್ಮನೆಗೆ ಬರ್ತಾರೆ. ನಂಜುಂಡಯ್ಯ ಅಂತ ಒಬ್ಬ ಮುದುಕ ಇದಾನೆ, ಕಾಲೇಜಿನ ಮೇಲ್ ಸರ್ವರ್ ನೋಡ್ಕೋತಿದ್ದ, ಹೋಗಿ ಕೇಳಿ ಅಂತ ಯಾರೋ ಹೇಳಿರ್ತಾರೆ. ಬಂದು ಕೂತು, ಕಾಫಿ ಕುಡಿದು, ಎಲ್ಲರೂ ಕೇಳೋದು ಒಂದೇ. ‘ಸಾರ್, ಯಾವ ಕೋರ್ಸ್ ಮಾಡಿದ್ರೆ ಒಳ್ಳೇದು?’ ಕೋರ್ಸ್ ಮನೆ ಹಾಳಾಗ್ಲಿ, ಮೊದಲು ಸರ್ವರ್ ಒಳಗಿರೋ ಗಡಿಯಾರದ ಸೆಲ್ಲು ನೋಡ್ರಪ್ಪ ಅಂತೀನಿ. ಮುದುಕನಿಗೆ ಅರಳುಮರಳು ಅಂತ ಮುಖ ಮುಖ ನೋಡ್ಕೊಂಡು ನಗ್ತಾರೆ. ನಗಲಿ. ಆ ಒಂದು ಸೆಲ್ಲಿನಿಂದ ಒಬ್ಬ ಹೆಣ್ಣುಮಗಳ ಕೆಲಸ ಹೋಯ್ತು. ಸೆಲ್ಲಿನಿಂದ ಅಂದ್ರೆ ಅದೂ ಸುಳ್ಳೇ. ಸೆಲ್ಲು ಕೈ ಕೊಟ್ಟಿತು ಅಷ್ಟೆ, ಕತ್ತು ಕೊಯ್ದವರು ಮನುಷ್ಯರು. ಅದನ್ನ ಬರೆದಿಡೋಣ ಅಂತ ಕೂತಿದೀನಿ.

ನಮ್ಮದು ಒಂದು ಶಿಕ್ಷಣ ಟ್ರಸ್ಟು. ಹೆಸರು ಹೇಳಲ್ಲ, ಹೇಳಿ ಆಗಬೇಕಾದ್ದೇನೂ ಇಲ್ಲ. ತುಮಕೂರಲ್ಲಿ ಇಂಜಿನಿಯರಿಂಗ್ ಕಾಲೇಜು, ಅದರ ಪಕ್ಕದಲ್ಲೇ ಹೆಡ್ ಆಫೀಸು. ಗುಬ್ಬಿಯಲ್ಲಿ ಪಾಲಿಟೆಕ್ನಿಕ್, ಕುಣಿಗಲ್‌ನಲ್ಲಿ ಡಿಗ್ರಿ ಕಾಲೇಜು. ನಾನು ಊರ್ಡಿಗೆರೆ ಕಡೆಯವನು, ತೊಂಬತ್ತರ ದಶಕದ ಶುರುವಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಅಂತ ಸೇರಿದೆ. ಆಮೇಲೆ ಯಾವಾಗ ಏನಾದೆ ಅನ್ನೋದನ್ನ ಬರೆಯಲ್ಲ. ಬಾಗಿಲ ಮೇಲಿನ ಬೋರ್ಡು ಬದಲಾಯಿತು, ಕೂತಿದ್ದ ಕುರ್ಚಿ ಒಂದೇ.

ಆಗ ಮೇಲ್ ಅನ್ನೋದೇ ಇರಲಿಲ್ಲ. ಕುಣಿಗಲ್ ಕಾಲೇಜಿನ ಇಂಟರ್ನಲ್ ಮಾರ್ಕ್ಸು ಫ್ಲಾಪಿಯಲ್ಲಿ ಬರ್ತಿತ್ತು. ಫ್ಲಾಪಿಯನ್ನ ಒಂದು ಕವರ್‌ಗೆ ಹಾಕಿ, ಪ್ರೈವೇಟ್ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು, ಆಮೇಲೆ ಹೆಡ್ ಆಫೀಸಿಗೆ ಫೋನ್ ಮಾಡಿ ‘ಬಸ್ ಹತ್ತಿಸಿದೀವಿ, ಇಳಿಸ್ಕೊಳ್ಳಿ’ ಅನ್ನೋರು. ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಇಳಿಸ್ಕೊಂಡು, ತಂದು, ಓದಿಸಿ, ಮತ್ತೆ ಫೋನ್ ಮಾಡಿ ‘ಬಂತು’ ಅಂತಿದ್ದೆ. ಒಂದು ಸಲ ಡ್ರೈವರ್ ಆ ಕವರನ್ನ ಟೇಪ್ ರೆಕಾರ್ಡರಿನ ಸ್ಪೀಕರ್ ಮೇಲೆ ಇಟ್ಟುಬಿಟ್ಟಿದ್ದ. ಸ್ಪೀಕರ್ ಒಳಗೆ ಅಯಸ್ಕಾಂತ ಇರುತ್ತಲ್ಲ, ಫ್ಲಾಪಿ ತೊಳೆದಿಟ್ಟ ತಟ್ಟೆ ಥರ ಖಾಲಿ. ಅವನಿಗೆ ಬಾಯಿಗೆ ಬಂದಂಗೆ ಬೈದೆ. ‘ನಾನೇನ್ಮಾಡ್ಲಿ ಸಾಮಿ, ಹಾಡ್ ಕೇಳ್ಕಂಡ್ ಬಂದವ್ನೆ ನಿಮ್ ಫ್ಲಾಪಿ’ ಅಂದ ಬಡ್ಡೀಮಗ. ಕುಣಿಗಲ್‌ಗೆ ಫೋನ್ ಮಾಡಿದೆ, ಅವರು ಇನ್ನೊಂದು ಕಳಿಸಿದರು, ಮುಗೀತು. ಹೋಯ್ತು ಅಂತ ಗೊತ್ತಾಯ್ತಲ್ಲ, ಅದೇ ದೊಡ್ಡದು. ಗೊತ್ತಾದ್ರೆ ಇನ್ನೊಂದು ಸಲ ಕಳಿಸಬಹುದು.

ಆಮೇಲೆ ಮೇಲ್ ಬಂತು. ಹೆಡ್ ಆಫೀಸಿನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಸರ್ವರ್ ಕೂರಿಸಿದೆ. ಮೂರೂ ಊರಿಗೆ ಮೇಲ್ ವಿಳಾಸ ಕೊಟ್ಟೆ. ಮೊದಮೊದಲು ಎಲ್ಲರೂ ಮೇಲ್ ಕಳಿಸಿ, ಮೇಲ್ ಕಳಿಸಿದೀನಿ ಅಂತ ಫೋನ್ ಮಾಡೋರು. ನಾನೂ ನಗ್ತಿದ್ದೆ. ಈಗ ಅನ್ನಿಸುತ್ತೆ, ಆ ಫೋನ್ ಇದ್ದಷ್ಟು ದಿನ ಯಾರಿಗೂ ಏನೂ ಆಗಲಿಲ್ಲ.

ಮೇಲ್ ಜಾಸ್ತಿ ಆದಮೇಲೆ ಸೋಸೋ ವ್ಯವಸ್ಥೆ ಕೊಟ್ಟೆ. ಅಂದ್ರೆ, ಯಾರಿಂದ ಬಂದದ್ದನ್ನ ಎಲ್ಲಿಗೆ ಹಾಕಬೇಕು, ರಜೆಯಲ್ಲಿದ್ರೆ ಏನು ಉತ್ತರ ಹೋಗಬೇಕು ಅಂತ ಪ್ರತಿಯೊಬ್ಬರೂ ತಮ್ಮ ತಮ್ಮ ಮೇಲ್‌ಗೆ ನಿಯಮ ಬರ್ಕೋಬಹುದು. ಇಲ್ಲೊಂದು ವಿಷಯ ಹುಡುಗ್ರು ಚೆನ್ನಾಗಿ ತಿಳ್ಕೋಬೇಕು. ನಾವು ಬರೆಯೋ ನಿಯಮ ಓದೋಕೆ ಬರೋ ಬರಹ. ಸರ್ವರ್ ಅದನ್ನ ಪ್ರತಿ ಸಲ ಓದೋದಿಲ್ಲ. ಒಂದು ಸಲ ಓದಿ, ತನಗೆ ಬೇಕಾದ ಹಾಗೆ ಕಂಪೈಲ್ ಮಾಡಿ, ಇನ್ನೊಂದು ಫೈಲ್ ಮಾಡಿ ಇಟ್ಕೊಳ್ಳುತ್ತೆ. ಆಮೇಲೆ ನಡೆಯೋದು ಅದು ಹೇಳಿದ ಹಾಗೆ. ರಾಗಿ ಬೀಸಿ ಹಿಟ್ಟಾದ ಮೇಲೆ ಮುದ್ದೆ ಆಗೋದು ಹಿಟ್ಟಿನಿಂದ ತಾನೆ? ಚೀಲದಲ್ಲಿ ಉಳಿದ ರಾಗಿ ಎಷ್ಟು ಚೆನ್ನಾಗಿದೆ ಅಂತ ತೋರಿಸಿ ಏನು ಬಂತು. ಹಿಟ್ಟಲ್ಲಿ ಕಲ್ಲಿದ್ರೆ ಹಲ್ಲು ಮುರಿಯುತ್ತೆ.

ಆ ಕಂಪೈಲ್ ಆದ ಫೈಲನ್ನ ಸುಮ್ಮನೆ ತೆಗೆದ್ರೆ ಪರದೆ ತುಂಬ ಕಸ ಕಡ್ಡಿ ಕಾಣುತ್ತೆ. ಅದನ್ನ ಓದೋಕೆ ಒಂದು ಕಮಾಂಡ್ ಇದೆ, ನಾವು ಡಂಪ್ ಅಂತಿದ್ವಿ. ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆದು ಫೈಲಿನ ಹೆಸರು ಕೊಟ್ರೆ, ಒಳಗಿರೋದನ್ನ ಸಾಲು ಸಾಲಾಗಿ ಬಿಚ್ಚಿಡುತ್ತೆ: ಈ ವಿಳಾಸ ಇದೆಯಾ ನೋಡು, ಇಲ್ಲದಿದ್ರೆ ಇಷ್ಟು ಸಾಲು ದಾಟಿ ಮುಂದೆ ಹೋಗು, ಇದ್ರೆ ಹೀಗೆ ಮಾಡು. ಚೆಂದವೇನಿಲ್ಲ, ಆದ್ರೆ ಸುಳ್ಳು ಹೇಳಲ್ಲ. ನನ್ನ ಸರ್ವಿಸ್ಸಿನಲ್ಲಿ ಸುಳ್ಳು ಹೇಳದ್ದು ಅದೊಂದೇ ಅಂತ ಕಾಣುತ್ತೆ.

ಡಂಪಿನ ಬೆಲೆ ಗೊತ್ತಾಗಿದ್ದು ಗುಬ್ಬಿಯಿಂದ. ಪಾಲಿಟೆಕ್ನಿಕ್ಕಿನ ಪ್ರಿನ್ಸಿಪಾಲ್ ಚನ್ನಬಸವಯ್ಯನವರು ಒಳ್ಳೇ ಮನುಷ್ಯ. ಮಗಳ ಮದುವೆಗೆ ರಜೆ ಹಾಕಿದಾಗ ‘ಮಗಳ ಮದುವೆಯ ಸಂಭ್ರಮದಲ್ಲಿದ್ದೇನೆ, ತಾವೂ ಬಂದು ಆಶೀರ್ವದಿಸಿ’ ಅಂತ ತಾನಾಗೇ ಉತ್ತರ ಹೋಗೋ ಹಾಗೆ ನಿಯಮ ಬರ್ಕೊಂಡಿದ್ದರು. ಮದುವೆ ಮುಗೀತು, ವಾಪಸ್ ಬಂದು ಅಳಿಸಿದರು. ಅಳಿಸಿದ್ರೂ ಉತ್ತರ ಹೋಗ್ತಾನೇ ಇತ್ತು. ಮಗಳು ಬಸುರಿಯಾಗಿ ಬಾಣಂತನಕ್ಕೆ ಬಂದ್ರೂ ಜನ ಫೋನ್ ಮಾಡಿ ‘ಎರಡನೇ ಮಗಳದ್ದಾ ಸಾರ್? ಛತ್ರ ಯಾವುದು?’ ಅಂತ ಕೇಳೋರು. ಅವರಿಗೆ ಇರೋದೇ ಒಬ್ಬಳು ಮಗಳು.

‘ಏನಯ್ಯಾ ನಂಜುಂಡಯ್ಯ, ನನ್ನ ಮಾನ ಕಳೀತಾ ಇದೀಯ’ ಅಂತ ಬಸ್ ಹತ್ತಿ ಬಂದೇಬಿಟ್ಟರು.

ಅವರ ನಿಯಮದ ಬರಹ ತೆಗೆದು ನೋಡಿದೆ, ಖಾಲಿ. ಡಂಪ್ ಹೊಡೆದೆ, ಮದುವೆ ಆಮಂತ್ರಣ ಹಂಗೇ ಕೂತಿದೆ. ಯಾಕೆ ಅಂತ ತಲೆ ಕೆರ್ಕೊಂಡು ತಾರೀಕು ನೋಡಿದಾಗ ಗೊತ್ತಾಯ್ತು. ಸರ್ವರ್ ಒಳಗಿನ ಗಡಿಯಾರದ ಸೆಲ್ಲು ಸತ್ತಿತ್ತು. ನಮ್ಮ ತುಮಕೂರಿನ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ, ಯುಪಿಎಸ್ಸು ಹೆಸರಿಗೆ ಮಾತ್ರ. ಕರೆಂಟು ಹೋಗಿ ಬಂದಾಗೆಲ್ಲ ಆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂರ್ತಿತ್ತು. ಇಂಟರ್ನೆಟ್‌ನಿಂದ ಟೈಮು ತಗೊಳ್ಳೋ ಹಾಗೆ ಮಾಡಿದ್ದೆ, ಲೈನು ಇದ್ರೆ ತಾನೆ. ನಾನು ಬಂದು ಕೈಯಲ್ಲಿ ಸರಿ ಮಾಡೋ ಮುಂಚೆ ಯಾರಾದ್ರೂ ನಿಯಮ ತಿದ್ದಿದ್ರೆ ಅವರು ತಿದ್ದಿದ ಬರಹಕ್ಕೆ ಹಳೇ ತಾರೀಕು ಬೀಳುತ್ತೆ. ಸರ್ವರ್ ಎರಡೂ ತಾರೀಕು ಹೋಲಿಸಿ, ಬರಹ ಹಳೇದು, ನಾನು ಕಂಪೈಲ್ ಮಾಡಿಟ್ಟದ್ದೇ ಹೊಸದು ಅಂತ ತನ್ನ ಪಾಡಿಗೆ ಹಳೇ ನಿಯಮ ನಡೆಸ್ಕೊಂಡು ಹೋಗುತ್ತೆ. ಚನ್ನಬಸವಯ್ಯನವರಿಗೆ ಇದನ್ನ ಬಿಡಿಸಿ ಹೇಳಿದೆ. ಬಿದ್ದು ಬಿದ್ದು ನಕ್ಕರು. ಕ್ಯಾತ್ಸಂದ್ರಕ್ಕೆ ಕರ್ಕೊಂಡು ಹೋಗಿ ತಟ್ಟೆ ಇಡ್ಲಿ ಕೊಡಿಸಿದರು.

ಇನ್ನು ಆಡಳಿತಾಧಿಕಾರಿ ಪಂಚಾಕ್ಷರಯ್ಯನವರ ವಿಷಯ. ನನ್ನ ಮೇಲಿನವರು ಅವರೇ, ಹೆಡ್ ಆಫೀಸಿನಲ್ಲಿ ಅವರ ಸಹಿ ಇಲ್ಲದೆ ಒಂದು ಸೂಜಿ ಬರೋ ಹಾಗಿಲ್ಲ. ಹಣೆ ತುಂಬ ವಿಭೂತಿ, ಮಾತು ಮೆತ್ತಗೆ. ಬೈಯೋರಲ್ಲ, ಬೈದಿದ್ರೆ ಚೆನ್ನಾಗಿತ್ತು. ಸೆಲ್ಲು ಬೇಕು ಅಂತ ನೋಟ್ ಇಟ್ಟೆ. ‘ಟೈಮ್ ನೋಡೋಕೆ ಗೋಡೆ ಮೇಲೆ ಗಡಿಯಾರ ಇದೆಯಲ್ರೀ ನಂಜುಂಡಯ್ಯ’ ಅಂದರು. ಹೋಗ್ಲಿ, ಕರೆಂಟು ಹೋಗಿ ಬಂದ ದಿನ ಎಲ್ಲರ ಫೈಲನ್ನೂ ಒಂದು ಸಲ ಡಂಪ್ ಮಾಡಿ ನೋಡ್ತೀನಿ, ಅನುಮತಿ ಕೊಡಿ ಅಂದೆ. ‘ಆಫೀಸರುಗಳ ಮೇಲ್ ಒಳಗೆ ನೀವು ಕೈ ಹಾಕ್ತೀರಾ? ನನ್ನ ಲಿಖಿತ ಅನುಮತಿ ಇಲ್ದೆ ಒಂದು ಫೈಲೂ ಮುಟ್ಟೋ ಹಾಗಿಲ್ಲ’ ಅಂದರು. ಅದೂ ಮೆತ್ತಗೇ.

ಕುಣಿಗಲ್ ಕಾಲೇಜಿನ ಆಫೀಸಿನಲ್ಲಿ ನಾಗರತ್ನ ಅಂತ ಒಬ್ಬಳು ಹುಡುಗಿ ಇದ್ದಳು. ಯಡಿಯೂರಿನವಳು, ಟೆಂಪರರಿ ಕ್ಲರ್ಕು. ಟೈಪಿಂಗು, ಅಡ್ಮಿಷನ್ನು, ಮಾರ್ಕ್ಸು, ಮೇಲು ಎಲ್ಲಾ ಅವಳ ತಲೆ ಮೇಲೇ. ಆ ಕಾಲೇಜಿನಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿರಲಿಲ್ಲ. ಅಲ್ಲಿನ ಪ್ರಿನ್ಸಿಪಾಲರು ನಾಚಿಕೆ ಸ್ವಭಾವದವರು, ‘ನೀನೇ ಬರೆದು ಹಾಕಮ್ಮ’ ಅಂದುಬಿಟ್ಟಿದ್ರು. ಅವಳು ಬಿಡದೆ ಹಾಕ್ತಿದ್ದಳು. ವಾರ ವಾರ ಪಂಚಾಕ್ಷರಯ್ಯನವರಿಗೆ ಮೇಲು: ನೀರಿಲ್ಲ, ಹೆಣ್ಣುಮಕ್ಕಳು ಬಸ್‌ಸ್ಟ್ಯಾಂಡಿಗೆ ಹೋಗ್ತಿದಾರೆ, ದಯವಿಟ್ಟು ಮೋಟರು ರಿಪೇರಿ ಮಾಡಿಸಿ.

ಒಂದಿನ ಟೀ ಹೊತ್ತಲ್ಲಿ ಪಂಚಾಕ್ಷರಯ್ಯನವರೇ ಹೇಳಿದರು. ‘ಕುಣಿಗಲ್ ಕಾಟ ತಪ್ಪಿಸ್ಕೊಂಡೆ ಕಣ್ರೀ. ಅಲ್ಲಿಂದ ಬಂದದ್ದೆಲ್ಲ ಅಲ್ಲೇ ಬಿಸಾಕೋ ಹಾಗೆ ನಿಯಮ ಬರ್ಕೊಂಡಿದೀನಿ. ಒಳ್ಳೇ ವ್ಯವಸ್ಥೆ ಕೊಟ್ಟಿದೀರಿ.’

ಅವರು ಹಾಕ್ಕೊಂಡಿದ್ದ ಮಾತು ‘ಡಿಸ್ಕಾರ್ಡ್’. ಮೇಲ್ ತಿರಸ್ಕರಿಸೋಕೆ ಎರಡು ದಾರಿ ಇದೆ. ರಿಜೆಕ್ಟ್ ಅಂದ್ರೆ, ಬೇಡ ಅಂತ ಕಳಿಸಿದವರಿಗೆ ವಾಪಸ್ ಹೋಗುತ್ತೆ. ಅವಮಾನ ಆಗುತ್ತೆ, ಆದ್ರೆ ಗೊತ್ತಾಗುತ್ತೆ. ಡಿಸ್ಕಾರ್ಡ್ ಅಂದ್ರೆ ಮಾಯ. ಕಳಿಸಿದವರು ತಲುಪಿತು ಅಂತ ನಂಬ್ಕೊಂಡು ಕೂತಿರ್ತಾರೆ. ‘ಸಾರ್, ರಿಜೆಕ್ಟ್ ಆದ್ರೂ ಹಾಕಿ, ಅವರಿಗೆ ತಿಳಿಯುತ್ತೆ’ ಅಂದೆ. ‘ತಿಳಿದ್ರೆ ಫೋನ್ ಮಾಡ್ತಾರೆ’ ಅಂದು ನಕ್ಕರು.

ಆಮೇಲೆ ಟ್ರಸ್ಟಿನ ಅಧ್ಯಕ್ಷರ ಕಿವಿಗೆ ನೀರಿನ ವಿಷಯ ಬಿದ್ದು, ಪಂಚಾಕ್ಷರಯ್ಯನವರಿಗೆ ಮಂಗಳಾರತಿ ಆಯ್ತು. ಮೋಟರು ರಿಪೇರಿ ಆಯ್ತು, ಅವರು ಆ ನಿಯಮವನ್ನೂ ಅಳಿಸಿದರು. ಅಳಿಸಿದ್ದು ಯಾವಾಗ? ಕರೆಂಟು ಹೋಗಿ ಬಂದು, ನಾನು ಬಂದು ಗಡಿಯಾರ ಸರಿ ಮಾಡೋ ಮುಂಚೆ. ಬರಹ ಖಾಲಿ ಆಯ್ತು, ಕಂಪೈಲ್ ಆದದ್ದು ಹಂಗೇ ಉಳೀತು. ಇದು ನನಗೆ ಆಗ ಗೊತ್ತಿಲ್ಲ. ಅವರಿಗೂ ಗೊತ್ತಿರಲಿಲ್ಲ, ಅಲ್ಲೀತನಕ ಅವರದ್ದೂ ತಪ್ಪಿಲ್ಲ ಅಂತ ಒಪ್ಕೋತೀನಿ.

ಅದೇ ಸಮಯಕ್ಕೆ ಅವರದ್ದೇ ಸರ್ಕ್ಯುಲರ್ ಒಂದು ಹೊರಟಿತು. ಮೇಲ್ ಕಳಿಸಿದ ಮೇಲೆ ಮತ್ತೆ ಫೋನ್ ಮಾಡಿ ವಿಚಾರಿಸಬಾರದು, ಫೋನ್ ಬಿಲ್ಲು ದಂಡ ಅಂತ. ನಾಗರತ್ನ ಸರ್ಕ್ಯುಲರ್ ಪಾಲಿಸೋ ಹುಡುಗಿ. ಬಿ.ಬಿ.ಎಂ. ಕೊನೇ ವರ್ಷದವರ ಇಂಟರ್ನಲ್ ಮಾರ್ಕ್ಸನ್ನ ಗಡುವಿಗೆ ಮುಂಚೆಯೇ ಪಂಚಾಕ್ಷರಯ್ಯನವರಿಗೆ ಮೇಲ್ ಮಾಡಿದಳು, ಫೋನ್ ಮಾಡಲಿಲ್ಲ. ಅವರು ಅದನ್ನ ಯೂನಿವರ್ಸಿಟಿಗೆ ಕಳಿಸಬೇಕಿತ್ತು. ಬಂದಿದ್ರೆ ತಾನೆ ಕಳಿಸೋದು. ಬರಲಿಲ್ಲವಲ್ಲ ಅಂತ ಒಂದು ಮಾತು ಕೇಳಲೂ ಇಲ್ಲ. ರಿಸಲ್ಟ್ ಬಂದಾಗ ಇಡೀ ಕ್ಲಾಸಿನ ಫಲಿತಾಂಶ ತಡೆಹಿಡಿದಿತ್ತು. ತಂದೆತಾಯಿಗಳು ಕಾಲೇಜಿನ ಗೇಟಿಗೆ ಬಂದು ಕೂತರು, ಯಾರೋ ಕಿಟಕಿ ಗಾಜಿಗೆ ಕಲ್ಲು ಹೊಡೆದರು. ಅಧ್ಯಕ್ಷರು ಓಡಾಡಿ ಮಾರ್ಕ್ಸು ತಡವಾಗಿ ಸೇರಿಸಿದರು, ಹುಡುಗ್ರು ಬಚಾವಾದರು. ಆದ್ರೆ ಇಷ್ಟೆಲ್ಲ ಆದ ಮೇಲೆ ಯಾರನ್ನಾದ್ರೂ ಬಲಿ ಕೊಡಬೇಕಲ್ಲ. ವಿಚಾರಣಾ ಸಮಿತಿ ಅಂತ ಆಯ್ತು: ಟ್ರಸ್ಟಿನ ವಕೀಲರು, ಅಧ್ಯಕ್ಷರ ಭಾವಮೈದ, ಮೂರನೆಯವರು ಸ್ವತಃ ಪಂಚಾಕ್ಷರಯ್ಯನವರು. ಕಳ್ಳನ ಕೈಗೆ ಬೀಗದ ಕೈ ಕೊಡೋದು ಅಂದ್ರೆ ಇದೇ.

ನಾಗರತ್ನ ತುಮಕೂರಿಗೆ ಬಂದವಳು ನನ್ನ ಕೋಣೆಗೇ ಬಂದಳು. ಅಳ್ತಿರಲಿಲ್ಲ, ಬಾಗಿಲಲ್ಲಿ ನಿಂತು ಒಂದೇ ಮಾತು ಅಂದಳು.

‘ನಾನು ಕಳಿಸಿದ್ದೆ ಸಾರ್.’

‘ಕಳಿಸಿದ ಕಾಪಿ ನಿನ್ನ ಮೇಲಲ್ಲಿ ಇರುತ್ತಲ್ಲಮ್ಮ, ತೋರಿಸು.’

‘ತೋರಿಸ್ದೆ ಸಾರ್. ಕಳಿಸಿದೀಯ, ತಲುಪಿದೆಯಾ ಅಂತ ನೋಡಿದ್ಯಾ, ಬೇಜವಾಬ್ದಾರಿ ಅಂತವ್ರೆ. ಫೋನ್ ಮಾಡ್ಬ್ಯಾಡಿ ಅಂದೋರೂ ಅವ್ರೇ.’

ಸರ್ವರ್ ಡಿಸ್ಕಿನಲ್ಲಿ ಜಾಗ ಇರಲಿಲ್ಲ, ಯಾವ ಮೇಲ್ ಎಲ್ಲಿಗೆ ಹೋಯ್ತು ಅಂತ ತೋರಿಸೋ ಹಳೇ ಲಾಗುಗಳೆಲ್ಲ ಅಳಿಸಿಹೋಗಿದ್ದವು. ಉಳಿದಿದ್ದು ಡಂಪ್ ಒಂದೇ. ಅನುಮತಿ ಇರಲಿಲ್ಲ. ಹಾಳಾಗಿ ಹೋಗ್ಲಿ ಅಂತ ಪಂಚಾಕ್ಷರಯ್ಯನವರ ಕಂಪೈಲ್ ಆದ ಫೈಲಿಗೆ ಕಮಾಂಡ್ ಹೊಡೆದೆ. ಬಂತು ನೋಡಿ: ಕಳಿಸಿದವರ ವಿಳಾಸದಲ್ಲಿ ಕುಣಿಗಲ್ ಕಾಲೇಜಿನ ವಿಳಾಸ ಇದೆಯಾ, ಇದ್ರೆ ಡಿಸ್ಕಾರ್ಡ್. ಬರಹದ ಫೈಲು ಖಾಲಿ, ತಾರೀಕು ಎಷ್ಟೋ ವರ್ಷ ಹಿಂದಿನದು. ಗುಬ್ಬಿಯ ಮದುವೆ ಕಥೆಯೇ, ಆದ್ರೆ ಈ ಸಲ ನಗು ಬರಲಿಲ್ಲ. ಆ ಫೈಲಿನ ಒಂದು ಕಾಪಿ ತೆಗೆದಿಟ್ಟೆ. ಹೆದರಬೇಡ ಹೋಗಮ್ಮ, ನಿನ್ನ ತಪ್ಪಿಲ್ಲ ಅನ್ನೋದಕ್ಕೆ ಸಾಕ್ಷಿ ಇದೆ ಅಂತ ನಾಗರತ್ನಳಿಗೆ ಹೇಳಿದೆ. ಅವಳ ಮುಖ ಅರಳಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿದೆ.

ಮೇಲಧಿಕಾರಿ, ಮೊದಲು ಅವರಿಗೆ ಹೇಳೋದು ಮರ್ಯಾದೆ ಅಂತ ಪಂಚಾಕ್ಷರಯ್ಯನವರ ಕೋಣೆಗೆ ಹೋದೆ.

‘ಸಾರ್, ತಪ್ಪು ಆ ಹುಡುಗೀದಲ್ಲ. ನೀವು ಅಳಿಸಿದ ನಿಯಮ ಅಳಿಸಿದಂಗೇ ಆಗಿಲ್ಲ.’

‘ಅಳಿಸಿದೀನಲ್ರೀ, ಇಲ್ಲಿ ನೋಡಿ, ಏನೂ ಇಲ್ಲ’ ಅಂತ ಪರದೆ ತಿರುಗಿಸಿದರು.

ಗಡಿಯಾರ, ಸೆಲ್ಲು, ಕಂಪೈಲ್ ಎಲ್ಲಾ ಬಿಡಿಸಿ ಹೇಳಿದೆ. ದಡ್ಡರಲ್ಲ ಅವರು, ತಕ್ಷಣ ಅರ್ಥ ಮಾಡ್ಕೊಂಡರು. ಪರದೆಯನ್ನ ವಾಪಸ್ ತಮ್ಮ ಕಡೆ ತಿರುಗಿಸ್ಕೊಂಡು ಕೇಳಿದರು. ‘ಈಗ ನಾನು ಇನ್ನೇನಾದ್ರೂ ಬರೆದು ಸೇವ್ ಮಾಡಿದ್ರೆ?’

‘ಹಳೇದು ಹೋಗಿ ಹೊಸದು ಕೂರುತ್ತೆ ಸಾರ್. ದಯವಿಟ್ಟು ಮುಟ್ಟಬೇಡಿ, ಸಮಿತಿ ಮುಂದೆ ತೋರಿಸಬೇಕು.’

‘ಛೆ ಛೆ, ನಾನ್ಯಾಕೆ ಮುಟ್ಲಿ’ ಅಂದು ಕಾಫಿ ತರಿಸಿದರು. ಕುಡಿದು ಬಂದೆ.

ವಿಚಾರಣೆ ದಿನ ಮೂವರೂ ಮೆಟ್ಟಿಲ ಕೆಳಗಿನ ನನ್ನ ಕೋಣೆಗೇ ಬಂದು ಕೂತರು. ನಾಗರತ್ನ ಗೋಡೆಗೆ ಅಂಟಿ ನಿಂತಿದ್ದಳು. ರಾಗಿ ಹಿಟ್ಟಿನ ಉದಾಹರಣೆ ಎಲ್ಲಾ ಕೊಟ್ಟು, ನೋಡಿ ಈಗ ಅಂತ ಡಂಪ್ ಹೊಡೆದೆ. ಬಂದದ್ದು ಒಂದು ಸಾಲು: ಹಬ್ಬದ ಶುಭಾಶಯದ ಮೇಲುಗಳನ್ನ ಬೇರೆ ಫೋಲ್ಡರಿಗೆ ಹಾಕು. ಕುಣಿಗಲ್ಲೂ ಇಲ್ಲ, ಡಿಸ್ಕಾರ್ಡೂ ಇಲ್ಲ. ತಾರೀಕು ಹಿಂದಿನ ದಿನದ್ದು.

‘ನೆನ್ನೆ ಬದಲಾಯಿಸಿದಾರೆ ಸಾರ್!’ ಅಂತ ಕೂಗಿದೆ.

ವಕೀಲರು ಕನ್ನಡಕ ಏರಿಸಿದರು. ‘ಅವರ ಮೇಲು, ಅವರು ಬದಲಾಯಿಸ್ತಾರೆ. ಶುಭಾಶಯ ಬೇರೆ ಇಟ್ಕೊಂಡ್ರೆ ಅಪರಾಧವೇನ್ರೀ?’

ತೆಗೆದಿಟ್ಟ ಕಾಪಿಗೆ ಡಂಪ್ ಹೊಡೆದು ತೋರಿಸಿದೆ. ಪರದೆ ಮೇಲೆ ಕುಣಿಗಲ್ ವಿಳಾಸ ಬಂದಾಗ ವಕೀಲರು ಅದನ್ನ ನೋಡಲೇ ಇಲ್ಲ, ನನ್ನನ್ನ ನೋಡಿದರು. ‘ಈ ಕಾಪಿ ತಗೊಳ್ಳೋಕೆ ಅನುಮತಿ ಯಾರು ಕೊಟ್ರು? ಇದನ್ನ ನೀವೇ ಕೂತು ತಯಾರು ಮಾಡಿಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?’ ಪಂಚಾಕ್ಷರಯ್ಯನವರು ಕೈ ಅಡ್ಡ ಹಿಡಿದು, ‘ಬಿಡಿ ಸಾರ್, ನಂಜುಂಡಯ್ಯ ಒಳ್ಳೇ ಕೆಲಸಗಾರ. ಹೆಣ್ಣುಮಗಳ ಮೇಲಿನ ಮರುಕಕ್ಕೆ ಏನೋ ಮಾಡಿದಾರೆ’ ಅಂದರು. ಎಂಥಾ ಮಾತು ನೋಡಿ. ಒಂದೇ ಏಟಿಗೆ ಇಬ್ಬರ ಮರ್ಯಾದೆಯನ್ನೂ ತೆಗೆದರು. ಅಧ್ಯಕ್ಷರ ಭಾವಮೈದ ಬೇರೆ ಮುಸಿಮುಸಿ ನಕ್ಕ. ಅವರೆಲ್ಲರ ಕಣ್ಮುಂದೆ ಆ ಕಾಪಿ ಅಳಿಸಿಸಿದರು. ನನ್ನ ಕೈಯಿಂದಲೇ.

‘ನಾನು ಕಳಿಸಿದ್ದೆ ಸಾರ್’ ಅಂದಳು ನಾಗರತ್ನ. ಯಾರೂ ತಿರುಗಿ ನೋಡಲಿಲ್ಲ.

ಟೆಂಪರರಿ ಕ್ಲರ್ಕನ್ನ ತೆಗೆಯೋಕೆ ಆರ್ಡರು ಕೂಡ ಬೇಕಾಗಿಲ್ಲ, ನಾಳೆಯಿಂದ ಬರಬೇಡ ಅಂದರು. ನನಗೆ ಮೆಮೊ ಬಂತು: ಇನ್ನು ಮುಂದೆ ಅಧಿಕಾರಿಗಳ ಫೈಲನ್ನ ಲಿಖಿತ ಅನುಮತಿ ಇಲ್ಲದೆ ತೆರೆದರೆ ಕೆಲಸದಿಂದ ವಜಾ. ನನಗೂ ಹೆಂಡತಿ ಮಕ್ಕಳು, ಬಾಯಿ ಮುಚ್ಕೊಂಡೆ. ಇನ್ನೊಂದು ತಮಾಷೆ ಕೇಳಿ. ನಾನು ಗೋಗರೆದ್ರೂ ಬರದ ಆ ಸೆಲ್ಲು ವಿಚಾರಣೆ ಮುಗಿದ ವಾರವೇ ಬಂತು. ಪಂಚಾಕ್ಷರಯ್ಯನವರೇ ಕರೆದು ಸಹಿ ಹಾಕಿ ಕೊಟ್ಟರು. ಆವತ್ತಿನಿಂದ ನಮ್ಮ ಸರ್ವರ್ ಗಡಿಯಾರ ಒಂದು ದಿನವೂ ತಪ್ಪಲಿಲ್ಲ.

ನಾಗರತ್ನ ಕುಣಿಗಲ್ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಜೆರಾಕ್ಸ್ ಅಂಗಡಿ ಹಾಕಿದಳು. ಟೈಪಿಂಗೂ ಮಾಡಿಕೊಡ್ತಿದ್ದಳು. ನಾನು ಕಾಲೇಜಿನ ಕೆಲಸಕ್ಕೆ ಹೋದಾಗೆಲ್ಲ ಅಲ್ಲಿಗೆ ಹೋಗ್ತಿದ್ದೆ. ಅಷ್ಟು ಹೊತ್ತಿಗೆ ಪಂಚಾಕ್ಷರಯ್ಯನವರು ಟ್ರಸ್ಟಿನ ಕಾರ್ಯದರ್ಶಿ ಆಗಿದ್ದರು. ಬಾಯಲ್ಲಿ ಹೇಳಿದ್ರೆ ಮಾತು ಮರೆಸ್ತಾರೆ ಅಂತ, ಕಾಲೇಜು ಶುರುವಾಗೋ ಮುಂಚೆ ಪ್ರತಿ ವರ್ಷ ಅವರಿಗೊಂದು ಮೇಲ್ ಬರೀತಿದ್ದೆ: ನಾಗರತ್ನಳ ಕೇಸು ಇನ್ನೊಂದು ಸಲ ನೋಡಿ, ತಪ್ಪು ಯಾರದ್ದೂ ಅಲ್ಲ ಅಂತಲೇ ಬರ್ಕೊಳ್ಳಿ, ಆ ಹುಡುಗಿಗೆ ಕೆಲಸ ವಾಪಸ್ ಕೊಡಿ. ವಿನಯವಾಗಿ ಬರೆದೆ, ಬೇಡ್ಕೊಂಡು ಬರೆದೆ, ಒಂದು ವರ್ಷ ಸಿಟ್ಟಿಂದಲೂ ಬರೆದೆ. ಉತ್ತರ ಬರಲಿಲ್ಲ. ಎದುರು ಸಿಕ್ಕರೆ ನಗುನಗುತ್ತಾ ಮಾತಾಡ್ತಿದ್ದರು. ‘ಏನೇ ಇದ್ರೂ ಫೋನ್ ಮಾಡ್ರಿ ನಂಜುಂಡಯ್ಯ, ಮೇಲ್ ಯಾಕೆ ನಮ್ಮಿಬ್ಬರ ಮಧ್ಯೆ’ ಅನ್ನೋರು. ಸಲಿಗೆ ಅಂದ್ಕೊಂಡೆ ನಾನು, ಪೆದ್ದ.

ಅಂಗಡಿಗೆ ಹೋದಾಗೆಲ್ಲ ನಾಗರತ್ನ ಕೇಳ್ತಿದ್ದಳು, ‘ಉತ್ರ ಬಂತಾ ಸಾರ್?’

‘ಓದಿರ್ತಾರಮ್ಮ. ಕಲ್ಲೆದೆ, ಕರಗಬೇಕಲ್ಲ’ ಅಂತಿದ್ದೆ. ಅವಳು ತಲೆ ಬಗ್ಗಿಸಿ ಜೆರಾಕ್ಸ್ ತೆಗೀತಿದ್ದಳು.

ನಾನು ರಿಟೈರ್ ಆಗೋ ತಿಂಗಳಲ್ಲಿ ಹಳೇ ಸರ್ವರ್ ತೆಗೆದು ಹೊಸದು ಹಾಕೋದಿತ್ತು. ಎಲ್ಲರ ನಿಯಮಗಳೂ ಹೊಸ ಮೆಷಿನ್ನಿಗೆ ಸರಿಯಾಗಿ ಹೋಗಿವೆಯಾ ಅಂತ ನೋಡೋಕೆ ಪ್ರತಿಯೊಂದು ಫೈಲನ್ನೂ ಡಂಪ್ ಮಾಡಲೇಬೇಕು. ಮೆಮೊ ನೆನಪಿತ್ತಲ್ಲ, ಎಲ್ಲಾ ಅಧಿಕಾರಿಗಳ ಫೈಲು ತೆರೆಯೋಕೆ ಅನುಮತಿ ಕೋರಿ ಕಾಗದ ಬರೆದು ಕಾರ್ಯದರ್ಶಿಗಳ ಮುಂದೆ ಇಟ್ಟೆ. ಯಾರ ಜೊತೆಯೋ ಫೋನಲ್ಲಿ ಮಾತಾಡ್ತಾ, ಓದದೆ ಸಹಿ ಹಾಕಿ ತಳ್ಳಿದರು.

ಸಾಲಾಗಿ ನೋಡ್ಕೊಂಡು ಬಂದೆ. ಗುಬ್ಬಿಯವರದ್ದು, ಕುಣಿಗಲ್‌ನವರದ್ದು, ಅಕೌಂಟ್ಸಿನವರದ್ದು. ಕಾರ್ಯದರ್ಶಿಗಳ ಫೈಲು ಬಂತು. ಮೊದಲು ಶುಭಾಶಯದ ಸಾಲು. ಅದರ ಕೆಳಗೆ, ಕಳಿಸಿದವರ ವಿಳಾಸದಲ್ಲಿ ಇದು ಇದೆಯಾ, ಇದ್ರೆ ಡಿಸ್ಕಾರ್ಡ್. ವಿಳಾಸ ನನ್ನದು.

ಕನ್ನಡಕ ಒರೆಸ್ಕೊಂಡು ಮತ್ತೆ ಹೊಡೆದೆ. ನನ್ನದೇ. ಈ ಸಲ ಬರಹದ ಫೈಲೂ ತೆಗೆದು ನೋಡಿದೆ, ಅದರಲ್ಲೂ ಇದೆ, ಎರಡಕ್ಕೂ ಒಂದೇ ತಾರೀಕು. ವಿಚಾರಣೆ ಮುಗಿದ ಆ ವಾರದ್ದು. ಅವರೇ ತರಿಸಿಕೊಟ್ಟ ಸೆಲ್ಲು, ತಾರೀಕು ತಪ್ಪಿರೋಕೆ ಸಾಧ್ಯ ಇಲ್ಲ. ನಾನು ಒಂದೊಂದು ಅಕ್ಷರ ತೂಗಿ ಬರೆದ ಅಷ್ಟೂ ಮೇಲುಗಳು ಅವರ ಕಣ್ಣಿಗೇ ಬಿದ್ದಿರಲಿಲ್ಲ. ನನ್ನ ಕೈಯಾರೆ ಕೂರಿಸಿದ ಸರ್ವರ್ರು, ನನ್ನ ಮಾತನ್ನೇ ವರ್ಷ ವರ್ಷ ನುಂಗಿ ನೀರು ಕುಡಿದಿತ್ತು. ಆ ಡಂಪನ್ನ ಪ್ರಿಂಟ್ ತೆಗೆದು, ಅನುಮತಿ ಕಾಗದದ ಜೊತೆ ಮಡಚಿ ಜೇಬಿಗೆ ಹಾಕ್ಕೊಂಡೆ.

ಮಾರನೇ ದಿನವೇ ಬೀಳ್ಕೊಡುಗೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಕಾರ್ಯದರ್ಶಿ ಪಂಚಾಕ್ಷರಯ್ಯನವರು ಮೈಕ್ ಹಿಡಿದು, ‘ನಂಜುಂಡಯ್ಯನವರ ಕಾಲದಲ್ಲಿ ನಮ್ಮ ಸಂಸ್ಥೆಯಲ್ಲಿ ಒಂದೇ ಒಂದು ಮೇಲ್ ಕಳೆದುಹೋಗಿಲ್ಲ’ ಅಂದರು. ಚಪ್ಪಾಳೆ ಬಿತ್ತು. ಎರಡು ಮಾತಾಡಿ ಅಂತ ಮೈಕ್ ನನಗೆ ಕೊಟ್ಟರು. ‘ಸಾರ್, ನಾನು ಬರೆದ ಒಂದೂ ನಿಮಗೆ ತಲುಪಿಲ್ಲ. ನಿಮ್ಮ ಫೈಲು ನೋಡಿದೀನಿ, ನೀವೇ ಸಹಿ ಹಾಕಿದ ಅನುಮತಿ ಇದೆ’ ಅಂದೆ. ಚಪ್ಪಾಳೆ ಹೊಡೆದವರಿಗೆ ಏನೂ ಅರ್ಥ ಆಗಲಿಲ್ಲ. ಅವರಿಗೆ ಆಯ್ತು. ನಗು ಹಂಗೇ ಇತ್ತು, ವಿಭೂತಿಯ ಕೆಳಗೆ ಬೆವರು ಇಳೀತು. ಶಾಲು ಕುರ್ಚಿ ಮೇಲಿಟ್ಟು ಇಳಿದು ಬಂದೆ. ಅಷ್ಟೇ ನನ್ನ ಶೌರ್ಯ. ಅದರಿಂದ ಯಾರಿಗೂ ಏನೂ ಆಗಲಿಲ್ಲ, ಅವರು ಆಮೇಲೂ ಕಾರ್ಯದರ್ಶಿಯಾಗೇ ಇದ್ದರು.

ಅಲ್ಲಿಂದ ಸೀದಾ ಕುಣಿಗಲ್ ಬಸ್ ಹತ್ತಿದೆ. ನಾಗರತ್ನ ಅಂಗಡಿಯಲ್ಲಿ ಯಾರದ್ದೋ ಪಹಣಿ ಜೆರಾಕ್ಸ್ ಮಾಡ್ತಿದ್ದಳು. ನನ್ನನ್ನ ನೋಡಿ ಅಭ್ಯಾಸದಂಗೆ ಕೇಳಿದಳು.

‘ಉತ್ರ ಬಂತಾ ಸಾರ್?’

‘ಅವರು ಓದೇ ಇಲ್ಲ ಕಣಮ್ಮ. ಒಂದೂ ಓದಿಲ್ಲ.’ ಜೇಬಿನಿಂದ ಹಾಳೆ ತೆಗೆದು ಕೊಟ್ಟೆ. ‘ನಿನಗೆ ಹಾಕಿದ್ದ ನಿಯಮವನ್ನೇ ನನಗೂ ಹಾಕಿದಾರೆ, ನೋಡು.’

ಗಿರಾಕಿಯನ್ನ ಕಳಿಸಿ, ಹಾಳೆಯನ್ನ ಬೆಳಕಿಗೆ ಹಿಡಿದು ಬೆರಳಿಟ್ಟು ಓದಿದಳು. ‘ಇದೇನಾ ಸಾರ್ ಆ ಮಾತು? ಆವತ್ತು ನಮ್ಮ ಕಾಲೇಜಿನ ಅಡ್ರೆಸ್ ಇದ್ದ ಜಾಗ್ದಲ್ಲಿ ಈಗ ನಿಮ್ದು?’

‘ಹೂಂ ಕಣಮ್ಮ.’

ಆ ಸಾಲಿನ ಮೇಲೆ ಇನ್ನೊಂದು ಸಲ ಬೆರಳಾಡಿಸಿದಳು. ಆಮೇಲೆ ಅಂದಳು, ‘ಆವತ್ತು ನೀವ್ ತೋರಿಸ್ದಾಗ ಪರದೆ ಮ್ಯಾಲೆ ಬಂದಿದ್ದು ಬ್ಯಾರೆ. ಇನ್ನೊಂದ್ನ ತೋರಿಸ್ದಾಗ ನೀವೇ ಮಾಡಿದ್ದು ಅಂದ್ರು. ನನ್ ಮೇಲಿನ ಕನಿಕರಕ್ಕೆ ಸುಳ್ ಹೇಳಿರ್ಬೇಕು ನೀವು ಅಂತ ನಂಗೂ ಅನ್ನಿಸ್ಬುಡ್ತು ಸಾರ್. ನಾನೇ ಸರಿಯಾಗಿ ಕಳಿಸ್ಲಿಲ್ವೇನೋ, ಎಲ್ಲೋ ತಪ್ ಒತ್ತಿದ್ನೇನೋ ಅಂತ ಇಷ್ಟ್ ವರ್ಷ ನನ್ನೇ ನಾನು ಬೈಕಂಡಿದೀನಿ. ವರ್ಷಾ ವರ್ಷಾ ನಿಮ್ ಮೇಲ್ ಓದ್ಕಂಡೂ ಉತ್ರ ಕೊಡ್ತಿಲ್ಲ ಅಂದ್ರೆ ತಪ್ಪು ನಂದೇ ಇರ್ಬೇಕು ಅಂದ್ಕಂಡೆ.’

ಅವಳು ಹಾಳೆಯನ್ನ ಮೆಷಿನ್ ಮೇಲೆ ನೆಟ್ಟಗೆ ಇಟ್ಟು, ಮುಚ್ಚಳ ಮುಚ್ಚಿ, ಒಂದು ಕಾಪಿ ತೆಗೆದಳು. ಒರಿಜಿನಲ್ ನನಗೆ ವಾಪಸ್ ಕೊಟ್ಟು, ಕಾಪಿಯನ್ನ ಮಡಚದೆ ಎದುರಿಗೆ ಇಟ್ಕೊಂಡಳು.

‘ನಾನು ಕಳಿಸಿದ್ದೆ ಸಾರ್’ ಅಂದಳು.

‘ನೀನು ಕಳಿಸಿದ್ದೆ ಕಣಮ್ಮ’ ಅಂದೆ.